ಅಮ್ಮ ಕಾಫಿ… ಮುಂದೇನು?

‘ಅಮ್ಮ ಕಾಫಿ ______.’

ಒಂದನೇ ತರಗತಿಯ ಅಭ್ಯಾಸ ಹಾಳೆಗಳಲ್ಲಿ ಬರುವಂಥ ಸಾಲು. ಬಿಟ್ಟ ಜಾಗ ತುಂಬಿ ಅಂದರೆ ಬೆಂಗಳೂರಿನ ಮಗು ‘ಕುಡಿದಳು’ ಅನ್ನಬಹುದು, ಇಲ್ಲವೇ ‘ಮಾಡಿದಳು’ ಅನ್ನಬಹುದು. ಕೊಡಗಿನ ಸಿದ್ದಾಪುರದ ಆಸುಪಾಸಿನ ನಮ್ಮ ಶಾಲೆಯಲ್ಲಿ ಜನವರಿ ತಿಂಗಳಲ್ಲಿ ಇದೇ ಸಾಲನ್ನು ಅರ್ಧಕ್ಕೆ ನಿಲ್ಲಿಸಿದರೆ ಬರುವ ಉತ್ತರಗಳೇ ಬೇರೆ. ‘ಕುಯ್ದಳು’. ‘ಹೆಕ್ಕಿದಳು’. ‘ಒಣಗಿಸಿದಳು’. ‘ಚೀಲಕ್ಕೆ ತುಂಬಿದಳು’. ಒಬ್ಬಳು ‘ತೂಕ ಹಾಕಿಸಿದಳು’ ಅಂದಳು. ಕುಯ್ದ ಹಣ್ಣಿನ ಕೆ.ಜಿ. ಲೆಕ್ಕದಲ್ಲೇ ಕೂಲಿ ಬರುವ ಮನೆಯ ಹುಡುಗಿ. ಕುಡಿಯುವ ಮಾತು ಬಂದರೂ ಎಲ್ಲಕ್ಕಿಂತ ಕೊನೆಗೆ.

ಈ ಉತ್ತರಗಳಲ್ಲಿ ತಪ್ಪು ಯಾವುದೂ ಇಲ್ಲ. ಆದರೆ ಹಾಳೆಯ ಹಿಂದೆ ಅಚ್ಚಾಗಿರುವ ಸರಿಯುತ್ತರ ಒಂದೇ ಇರುತ್ತದೆ. ಅದನ್ನು ಬೋರ್ಡಿನ ಮೇಲೆ ಬರೆದು ಎಲ್ಲರ ಕೈಯಲ್ಲೂ ನಕಲು ಮಾಡಿಸಿದರೆ ಹಾಳೆ ತುಂಬುತ್ತದೆ, ಆದರೆ ಮಗು ವಾಕ್ಯ ಮಾಡಲು ಕಲಿತಿರುವುದಿಲ್ಲ. ಚಿಕ್ಕ ಮಕ್ಕಳ ಜೊತೆ ಬಹಳ ಕಾಲದಿಂದ ಇರುವ ನನಗೆ ಇಷ್ಟು ಖಾತ್ರಿಯಾಗಿದೆ: ವಾಕ್ಯದ ಆರಂಭ ತನಗೆ ಗೊತ್ತಿರುವ ಲೋಕದ್ದಾಗಿರಬೇಕು, ಅದರ ಕೊನೆಯನ್ನು ಕೇಳಲು ಎದುರಿಗೆ ಒಬ್ಬರು ನಿಜವಾಗಿ ಕಾಯುತ್ತಿರಬೇಕು. ಇವೆರಡೂ ಇದ್ದರೆ ಐದು ವರ್ಷದ ಮಗು ಅರ್ಥವಿರುವ ವಾಕ್ಯವನ್ನೇ ಮುಗಿಸುತ್ತದೆ.

ಕನ್ನಡದಲ್ಲಿ ಕ್ರಿಯಾಪದ ಬರುವುದೇ ಕೊನೆಗೆ. ‘ಅಪ್ಪ ನಿನ್ನೆ ಸಂತೆಯಿಂದ ನನಗೆ ಹೊಸ ಕೊಡೆ’ ಅನ್ನುವವರೆಗೂ ಆ ಕೊಡೆ ಬಂತೋ ಇಲ್ಲವೋ ಗೊತ್ತಾಗುವುದಿಲ್ಲ. ತಂದರು, ತರಲಿಲ್ಲ, ತರ್ತೀನಿ ಅಂದರು, ತಂದು ಬಸ್ಸಲ್ಲೇ ಬಿಟ್ಟರು, ಹೀಗೆ ಏನು ಬೇಕಾದರೂ ಆಗಬಹುದು. ಹೇಳುವ ಮಗು ಅಪ್ಪ, ನಿನ್ನೆ, ಸಂತೆ, ಕೊಡೆ ಎಲ್ಲವನ್ನೂ ನೆನಪಿನಲ್ಲಿ ಹಿಡಿದುಕೊಂಡು ಕೊನೆಯ ಪದದವರೆಗೆ ನಡೆಯಬೇಕು. ಆರು ವರ್ಷದವರಿಗೆ ಇದು ಸಣ್ಣ ಕೆಲಸವಲ್ಲ. ‘ಟೀಚರ್, ಅಪ್ಪ, ಸಂತೆ, ಕೊಡೆ’ ಎಂದು ಹೇಳಿ ನಿಲ್ಲಿಸಿಬಿಡುತ್ತಾರೆ. ಮನೆಯಲ್ಲಿ ಅಷ್ಟು ಹೇಳಿದರೆ ಸಾಕಾಗುತ್ತದೆ, ಯಾಕೆಂದರೆ ಅಮ್ಮನಿಗೆ ಕಣ್ಣು ನೋಡಿದರೇ ಎಲ್ಲ ತಿಳಿಯುತ್ತದೆ. ಶಾಲೆಯಲ್ಲಿ, ಗೊತ್ತಿಲ್ಲದವರ ಎದುರು, ಆ ಉಳಿದ ಒಂದು ಪದ ಬೇಕಾಗುತ್ತದೆ.

ಅರ್ಥ ಕೊಡುವ ವಾಕ್ಯ ಅಂದರೆ ಏನು ಎಂಬುದನ್ನು ನಮ್ಮ ಹಳೆಯ ಶಾಸ್ತ್ರಕಾರರು ಎಷ್ಟು ಚೆನ್ನಾಗಿ ಬಿಡಿಸಿಟ್ಟಿದ್ದಾರೆ! 17ನೇ ಶತಮಾನದ ಅನ್ನಂಭಟ್ಟ ತನ್ನ ‘ತರ್ಕಸಂಗ್ರಹ’ದಲ್ಲಿ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಈ ಮೂರೂ ಇದ್ದರೆ ವಾಕ್ಯದ ಅರ್ಥ ತಿಳಿಯುತ್ತದೆ ಎನ್ನುತ್ತಾನೆ. ಒಂದು ಪದ ಇನ್ನೊಂದನ್ನು ಬೇಡುವುದು ಆಕಾಂಕ್ಷೆ. ‘ಹಸು, ಕುದುರೆ, ಮನುಷ್ಯ, ಆನೆ’ ಎಂದು ಸಾಲಾಗಿ ಹೇಳಿದರೆ ಯಾವುದಕ್ಕೂ ಯಾವುದರ ಅಗತ್ಯವೂ ಇಲ್ಲ, ಹಾಗಾಗಿ ಅದು ವಾಕ್ಯವಲ್ಲ. ಪದಗಳ ಅರ್ಥ ಒಂದಕ್ಕೊಂದು ಹೊಂದುವುದು ಯೋಗ್ಯತೆ. ‘ಬೆಂಕಿಯಿಂದ ನೆನೆಸುತ್ತಾನೆ’ ಎಂಬಲ್ಲಿ ವ್ಯಾಕರಣ ಸರಿಯಾಗಿದೆ, ಆದರೆ ಬೆಂಕಿಗೆ ನೆನೆಸುವ ಯೋಗ್ಯತೆ ಇಲ್ಲ. ಪದಗಳನ್ನು ತಡಮಾಡದೆ ಒಟ್ಟಿಗೆ ಹೇಳುವುದು ಸನ್ನಿಧಿ. ‘ಹಸುವನ್ನು’ ಎಂದು ಈಗ ಹೇಳಿ, ‘ತಾ’ ಎಂದು ಒಂದು ಜಾವ ಬಿಟ್ಟು ಹೇಳಿದರೆ ಯಾರೂ ಹಸು ತರುವುದಿಲ್ಲ.

ನಮ್ಮ ಮಕ್ಕಳು ಎಡವುವುದು ಈ ಮೂರು ಕಡೆಗಳಲ್ಲೇ. ಚಿತ್ರ ತೋರಿಸಿ ಏನಾಗುತ್ತಿದೆ ಹೇಳು ಅಂದರೆ ‘ಆನೆ, ಮರ, ಹಕ್ಕಿ, ಸೂರ್ಯ’ ಎಂದು ಪಟ್ಟಿ ಒಪ್ಪಿಸುವ ಮಗುವಿಗೆ ಪದಗಳ ಕೊರತೆ ಇಲ್ಲ. ಒಂದು ಪದ ಇನ್ನೊಂದನ್ನು ಕರೆಯುತ್ತದೆ ಎಂಬುದು ಇನ್ನೂ ಹೊಳೆದಿಲ್ಲ, ಅಷ್ಟೆ. ‘ಆನೆ ಏನ್ ಮಾಡ್ತಿದೆ?’, ‘ಯಾರನ್ನ ನೋಡ್ತಿದೆ?’ ಎಂದು ಕೇಳಿದರೆ ಮಾತು ಮುಂದಕ್ಕೆ ಹೋಗುತ್ತದೆ. ಇನ್ನೊಂದು ಮಗು ‘ಮ…ರ…ದ…ಲ್ಲಿ… ಹ…ಕ್ಕಿ…’ ಎಂದು ಅಕ್ಷರ ಕೂಡಿಸಿ ಓದುತ್ತಾ ಕೊನೆಗೆ ಬರುವ ಹೊತ್ತಿಗೆ ಮೊದಲನೆಯದನ್ನು ಮರೆತಿರುತ್ತದೆ. ಅಲ್ಲಿ ತಪ್ಪಿರುವುದು ಸನ್ನಿಧಿ. ಆ ಮಗುವಿಗೆ ಇನ್ನಷ್ಟು ಖಾಲಿ ಜಾಗ ಕೊಟ್ಟು ಪ್ರಯೋಜನವಿಲ್ಲ. ಅದೇ ವಾಕ್ಯವನ್ನು ನಾವು ಒಮ್ಮೆ ಸರಾಗವಾಗಿ ಓದಿ, ಕೊನೆಯ ಪದವನ್ನಷ್ಟೇ ಅದಕ್ಕೆ ಬಿಟ್ಟರೆ ಥಟ್ಟನೆ ಹೇಳುತ್ತದೆ. ಇಬ್ಬರ ಹಾಳೆಯೂ ಖಾಲಿ ಇತ್ತು ಎಂದು ಇಬ್ಬರಿಗೂ ಒಂದೇ ಪಾಠ ಮಾಡುವುದು ಸರಿಯಲ್ಲ.

ಯೋಗ್ಯತೆಯ ವಿಷಯ ನನಗೆ ಎಲ್ಲಕ್ಕಿಂತ ಇಷ್ಟ, ಯಾಕೆಂದರೆ ಅದು ಮಕ್ಕಳಿಗೂ ಇಷ್ಟ. ಫೆಬ್ರವರಿ–ಮಾರ್ಚಿನಲ್ಲಿ ಇಲ್ಲಿ ರೊಬಸ್ಟಾ ಕಾಫಿಗೆ ಹೂ ಬಿಡಿಸಲು ಸ್ಪ್ರಿಂಕ್ಲರ್ ಹಾಕುತ್ತಾರೆ. ಹೊಳೆ ಪಕ್ಕದಲ್ಲಿ ಮೋಟರು ಓಡುತ್ತಿರುತ್ತದೆ, ನೀರು ಬಿದ್ದು ವಾರ ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಇದನ್ನು ನೋಡದ ಮಗು ನಮ್ಮಲ್ಲಿಲ್ಲ. ‘ಅಪ್ಪ ತೋಟಕ್ಕೆ ಸ್ಪ್ರಿಂಕ್ಲರಿನಲ್ಲಿ ಬೆಂಕಿ ಹೊಡೆದರು’ ಎಂದು ನಾನು ಗಂಭೀರವಾಗಿ ಹೇಳಿದೆ. ಒಂದು ಕ್ಷಣ ಎಲ್ಲರೂ ಸುಮ್ಮನಾದರು, ಆಮೇಲೆ ನಕ್ಕರು. ಆಮೇಲೆ ಎಲ್ಲರೂ ಒಟ್ಟಿಗೆ ನನ್ನನ್ನು ತಿದ್ದಿದರು. ಆ ನಗುವೇ ನನಗೆ ಬೇಕಾಗಿದ್ದ ಉತ್ತರ. ವಾಕ್ಯ ಕೆಟ್ಟಿದೆ ಎಂದು ಗೊತ್ತಾದವರಿಗೆ ಮಾತ್ರ ನಗು ಬರುತ್ತದೆ.

ಹೀಗೆ ಕೊನೆ ಕೆಟ್ಟ ವಾಕ್ಯ ಕಿವಿಗೋ ಕಣ್ಣಿಗೋ ಬಿದ್ದಾಗ ಮಿದುಳಿನಲ್ಲಿ ಆಗುವುದನ್ನು ಅಳೆದವರಿದ್ದಾರೆ. 1980ರಲ್ಲಿ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ ಎಂಬ ಸಂಶೋಧಕರು ಜನರಿಗೆ ವಾಕ್ಯಗಳನ್ನು ಒಂದೊಂದೇ ಪದವಾಗಿ ಓದಿಸಿದರು. ಬಿಸಿ ಬ್ರೆಡ್ಡಿಗೆ ಬೆಣ್ಣೆ ಹಚ್ಚಿದ ಎಂದು ಮುಗಿಯಬೇಕಾದ ಜಾಗದಲ್ಲಿ ಕಾಲುಚೀಲ ಹಚ್ಚಿದ ಎಂದು ಬಂದರೆ, ಆ ಪದ ಕಂಡ ಸುಮಾರು 400 ಮಿಲಿಸೆಕೆಂಡಿಗೆ ಮಿದುಳಿನ ವಿದ್ಯುತ್ ಅಲೆಯಲ್ಲಿ ಒಂದು ವಿಶೇಷ ಏರಿಳಿತ ಕಾಣಿಸಿತು. ಅರ್ಧ ಸೆಕೆಂಡೂ ಆಗುವ ಮೊದಲೇ, ‘ಇದು ಹೊಂದಲಿಲ್ಲ’ ಎಂಬುದು ಒಳಗೆ ದಾಖಲಾಗಿರುತ್ತದೆ. ವಾಕ್ಯ ಮುಗಿಯುವ ಮೊದಲೇ ನಾವು ಅದರ ಕೊನೆಯನ್ನು ಊಹಿಸುತ್ತಿರುತ್ತೇವೆ. ಬೆಂಕಿಯಿಂದ ನೆನೆಸುವ ಹಳೆಯ ಉದಾಹರಣೆಗೂ ಕಾಲುಚೀಲ ಹಚ್ಚಿದ ಬ್ರೆಡ್ಡಿಗೂ ನಡುವೆ ಎಷ್ಟು ಶತಮಾನಗಳು ಕಳೆದಿವೆ! ಎರಡೂ ಕಡೆ ನೋಡುತ್ತಿದ್ದುದು ಒಂದನ್ನೇ ಎಂದು ಓದಿದಾಗ ನನಗೆ ಆದ ಸಂತೋಷವನ್ನು ಇಲ್ಲಿ ಹೇಳಿಕೊಳ್ಳಲೇಬೇಕು.

ಹಾಗಾಗಿ ನಾನು ಪಾಠವನ್ನು ಶುರು ಮಾಡುವುದು ಸರಿ ವಾಕ್ಯದಿಂದಲ್ಲ, ಕೆಟ್ಟ ವಾಕ್ಯದಿಂದ. ‘ಆಗುತ್ತಾ, ಆಗಲ್ವಾ?’ ಎಂದು ಈ ಆಟಕ್ಕೆ ಮಕ್ಕಳೇ ಹೆಸರಿಟ್ಟಿದ್ದಾರೆ. ‘ಆನೆ ಮರ ಹತ್ತಿತು’ ಅಂದರೆ ‘ಆಗಲ್ಲ!’ ಎಂದು ಕೂಗುತ್ತಾರೆ. ‘ಮೀನು ಹೊಳೆಯಲ್ಲಿ ಈಜಿತು’ ಅಂದರೆ ‘ಆಗುತ್ತೆ!’ ಒಮ್ಮೆ ಒಬ್ಬ ಹುಡುಗ ತಾನೇ ಒಂದು ವಾಕ್ಯ ಕೊಟ್ಟ: ‘ಆನೆ ಗೇಟು ತೆಗೀತು.’ ಉಳಿದವರು ‘ಆಗಲ್ಲ’ ಎಂದು ಕೂಗಿದರು. ಅವನು ಬಿಡಲಿಲ್ಲ. ‘ತೆಗೀತು ಟೀಚರ್, ಸೊಂಡ್ಲಲ್ಲಿ ತಳ್ತು, ನಮ್ ಅಪ್ಪ ನೋಡಿದ್ರು.’ ಹಿಂದಿನಿಂದ ಒಬ್ಬಳು, ‘ಅದು ತೆಗೆದಿದ್ದಲ್ಲ, ಮುರಿದಿದ್ದು’ ಎಂದಳು. ಅವನು ಸ್ವಲ್ಪ ಹೊತ್ತು ಯೋಚಿಸಿ, ‘ಮೊದ್ಲು ತಳ್ತು, ತೆಗೀಲಿಲ್ಲ, ಅದಕ್ಕೆ ಮುರೀತು’ ಎಂದ. ತೋಟಕ್ಕೆ ಆನೆ ನುಗ್ಗುವುದು ನಮ್ಮ ಕಡೆ ದಿನನಿತ್ಯದ ಭಯ. ರಾತ್ರಿ ಅದೇ ಮಾತನ್ನು ಕೇಳುತ್ತಾ ಮಲಗುವ ಮಗು ಇದು. ಆದರೆ ಮೂರು ಕ್ರಿಯೆಗಳನ್ನು ಕ್ರಮವಾಗಿ ಪೋಣಿಸಿ, ನಡುವೆ ‘ಅದಕ್ಕೆ’ ಎಂದು ಕಾರಣ ಕಟ್ಟಿದ್ದನ್ನು ನಾನು ಅವನಿಗೆ ಯಾವ ಹಾಳೆಯಿಂದಲೂ ಕಲಿಸಿರಲಿಲ್ಲ. ಗೆಳತಿ ಒಪ್ಪಲಿಲ್ಲ, ಅವನಿಗೆ ಒಪ್ಪಿಸಬೇಕಿತ್ತು. ಅದೇ ಅವನಿಂದ ಆ ವಾಕ್ಯವನ್ನು ಮಾಡಿಸಿತು.

ನಮ್ಮದು ನಲಿಕಲಿ ತರಗತಿ. 1995ರಲ್ಲಿ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಕ್ರಮದಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಇದರ ಬಗ್ಗೆ ಪೋಷಕರಲ್ಲಿ ಹಲವು ಅಭಿಪ್ರಾಯಗಳಿವೆ, ಆ ಚರ್ಚೆ ಇಲ್ಲಿ ಬೇಡ. ವಾಕ್ಯದ ವಿಷಯದಲ್ಲಿ ಮಾತ್ರ ಇದರಿಂದ ಲಾಭವೇ ಆಗಿದೆ. ಮೂರನೆಯವರು ಅರ್ಧ ಹೇಳಿದ್ದನ್ನು ಒಂದನೆಯವರು ಮುಗಿಸುತ್ತಾರೆ. ಕೆಲವೊಮ್ಮೆ ಅದು ತಿರುಗಾಮುರುಗವೂ ಆಗುತ್ತದೆ.

ಖಾಲಿ ಜಾಗ ಬಿಡುವುದರಲ್ಲೂ ಒಂದು ಕಸುಬಿದೆ. ‘ಕೋತಿ ಮರ ______’ ಎಂದು ಬರೆದರೆ ಮಗುವಿಗೆ ಹಿಡಿಯಲು ಹೆಚ್ಚೇನೂ ಸಿಗುವುದಿಲ್ಲ. ‘ಕೋತಿ ಮರಕ್ಕೆ’ ಅಂದರೆ ಹತ್ತಿತು, ಹಾರಿತು. ‘ಕೋತಿ ಮರದಿಂದ’ ಅಂದರೆ ಇಳಿಯಿತು, ಬಿತ್ತು. ‘ಕೋತಿ ಮರದಲ್ಲಿ’ ಅಂದರೆ ಕೂತಿದೆ, ಮಲಗಿದೆ. ಮರ ಅದೇ, ಕೋತಿ ಅದೇ, ಬಾಲದ ಒಂದು ಪ್ರತ್ಯಯ ಬದಲಾದರೆ ಕೋತಿ ಹೋಗುವ ದಿಕ್ಕೇ ಬದಲಾಗುತ್ತದೆ. ವಿಭಕ್ತಿ ಪ್ರತ್ಯಯಗಳನ್ನು ಪ್ರಥಮಾ ದ್ವಿತೀಯಾ ಎಂದು ದೊಡ್ಡ ತರಗತಿಯಲ್ಲಿ ಬಾಯಿಪಾಠ ಮಾಡಿಸುತ್ತೇವೆ. ಆದರೆ ಐದಾರು ವರ್ಷದ ಮಗುವಿನ ಕಿವಿ ಅವುಗಳನ್ನು ಆಗಲೇ ಬಲ್ಲದು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದೊಡ್ಡದಾಗಿ ಬರೆದು, ಕ್ಕೆ, ಇಂದ, ಅಲ್ಲಿ ಮೂರನ್ನೂ ಬೇರೆ ಚೀಟಿಗಳಲ್ಲಿ ಇಟ್ಟು, ಒಂದೊಂದನ್ನೇ ಮಗುವಿನ ಕೈಯಿಂದ ಹಚ್ಚಿಸಿದರೆ ಕೊನೆಯ ಪದ ತಾನಾಗಿ ಬರುತ್ತದೆ. ನನ್ನ ಪ್ರಕಾರ ಖಾಲಿ ಜಾಗಕ್ಕಿಂತ ಅದರ ಹಿಂದಿನ ಪದವನ್ನು ಎಚ್ಚರದಿಂದ ಬರೆಯಬೇಕು.

ಇನ್ನು ಕೊಡಗಿನ ತರಗತಿಯ ನಿಜವಾದ ಕಷ್ಟಕ್ಕೆ ಬರುತ್ತೇನೆ. ಒಂದೇ ಚಾಪೆಯ ಮೇಲೆ ಕೊಡವ ತಕ್ಕ್ ಆಡುವ ಮಗು, ಅರೆಭಾಷೆಯ ಮಗು, ಮಲಯಾಳದ್ದು, ತಮಿಳಿನದ್ದು, ತುಳುವಿನದ್ದು, ಯರವ ಬುಡಕಟ್ಟಿನವರ ಹಾಡಿಯಿಂದ ಬರುವ ಮಗು, ಜೊತೆಗೆ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದು ಕೂಲಿಕಾರರ ಸಾಲುಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿ, ಇರುವವರ ಮಕ್ಕಳು. ಕನ್ನಡ ಇವರಲ್ಲಿ ಅನೇಕರಿಗೆ ಶಾಲೆಯ ಬಾಗಿಲಲ್ಲಿ ಸಿಗುವ ಭಾಷೆ. ಕನ್ನಡದ ಕ್ರಿಯಾಪದ ಅಪ್ಪ ಬಂದ, ಅಮ್ಮ ಬಂದಳು, ನಾಯಿ ಬಂತು ಎಂದು ಯಾರೆಂಬುದನ್ನೂ ಬಾಲದಲ್ಲಿ ಹೇಳುತ್ತದೆ. ಮಲಯಾಳದಲ್ಲಿ ಅಚ್ಛನಿಗೂ ಅಮ್ಮನಿಗೂ ನಾಯಿಗೂ ಒಂದೇ ‘ವನ್ನು’. ಬಂಗಾಳಿ, ಅಸ್ಸಾಮಿ ಭಾಷೆಗಳ ಕ್ರಿಯಾಪದದಲ್ಲೂ ಗಂಡು ಹೆಣ್ಣು ಎಂಬ ಭೇದವಿಲ್ಲ. ಆ ಮನೆಯ ಮಗು ‘ಅಮ್ಮ ಬಂತು’ ಎಂದರೆ ಅದಕ್ಕೆ ಯೋಚಿಸಲು ಬರುವುದಿಲ್ಲ ಎಂದಲ್ಲ. ವಾಕ್ಯದ ಅರ್ಥ ಪೂರ್ತಿ ಇದೆ, ಕನ್ನಡದ ಬಾಲ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಅರ್ಥದ ತಪ್ಪನ್ನೂ ಬಾಲದ ತಪ್ಪನ್ನೂ ಒಂದೇ ಕೆಂಪು ಶಾಯಿಯಲ್ಲಿ ಗುರುತು ಮಾಡುವುದನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ.

ತಿದ್ದುವುದಕ್ಕೆ ಒಳ್ಳೆಯ ದಾರಿಯೊಂದಿದೆ, ಅದನ್ನು ಎಲ್ಲ ಅಜ್ಜಿಯರೂ ಬಲ್ಲರು. ಮಗು ಹೇಳಿದ್ದನ್ನೇ ಸರಿಯಾದ ರೂಪದಲ್ಲಿ ತಿರುಗಿ ಹೇಳಿ ಮಾತು ಮುಂದುವರಿಸುವುದು. ‘ಅಮ್ಮ ಬಂತು’ ಅಂದರೆ, ‘ಓ, ಅಮ್ಮ ಬಂದಳಾ? ಯಾವಾಗ ಬಂದಳು?’ ಎಂದು ಕೇಳುವುದು. ಮಗುವಿಗೆ ತನ್ನ ಮಾತು ತಲುಪಿತು ಎಂಬ ಸಮಾಧಾನವೂ ಸಿಗುತ್ತದೆ, ಸರಿ ರೂಪ ಎರಡೆರಡು ಸಲ ಕಿವಿಗೂ ಬೀಳುತ್ತದೆ. ಕನ್ನಡದ ಪದ ಸಿಗದೆ ಮನೆಯ ಭಾಷೆಯ ಪದ ಹಾಕಿ ಮುಗಿಸಿದರೂ ನಾನು ವಾಕ್ಯವನ್ನು ಒಪ್ಪಿಕೊಳ್ಳುತ್ತೇನೆ. ಮೊದಲು ಮುಗಿಯಲಿ, ಪದ ಬದಲಾಯಿಸಲು ಸಮಯವಿದೆ.

ಎಲ್ಲಕ್ಕಿಂತ ಕಷ್ಟದ ಕೆಲಸ ಕಾಯುವುದು. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಒಂದು ವಿಷಯ ಬರೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸಾಮಾನ್ಯವಾಗಿ ಒಂದು ಸೆಕೆಂಡು ಮಾತ್ರ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂರುವ ಮಕ್ಕಳೂ ಮಾತಾಡುತ್ತಾರೆ. ಮೂರು ಸೆಕೆಂಡು ಅಂದರೆ ಎಷ್ಟು ಮಹಾ ಅನಿಸಬಹುದು. ಮಗುವಿನ ಮುಖ ನೋಡುತ್ತಾ, ಬಾಯಿ ತೆರೆಯದೆ, ಹಿಂದಿನ ಸಾಲಿನಲ್ಲಿ ‘ನಾನ್ ಹೇಳ್ತೀನಿ ಟೀಚರ್’ ಎಂದು ಕೈ ಎತ್ತಿದವರನ್ನೂ ತಡೆದುಕೊಂಡು ಎಣಿಸಿ ನೋಡಿ. ಎರಡನೇ ಭಾಷೆಯಲ್ಲಿ ಹುಡುಕುವ ಮಗುವಿಗೆ ಇನ್ನೂ ಹೆಚ್ಚು ಬೇಕು.

‘ಮಳೆ ಬಂದರೆ ನಾನು…’ ಎಂಬ ಆರಂಭವನ್ನು ಜೂನಿನಲ್ಲಿ ಎಲ್ಲರಿಗೂ ಕೊಡುತ್ತೇನೆ. ಕೊಡೆ ಹಿಡಿಯುತ್ತೇನೆ, ಆಡುತ್ತೇನೆ, ಏಡಿ ಹಿಡಿಯುತ್ತೇನೆ, ಶಾಲೆಗೆ ಬರಲ್ಲ ಎಂದೆಲ್ಲ ಬರುತ್ತದೆ. ಲೈನ್ ಮನೆಯ ಒಬ್ಬ ಹುಡುಗ, ಅಸ್ಸಾಮಿ ಮನೆಮಾತಿನವನು, ತನ್ನ ಸರದಿ ಬಂದಾಗ ನೆಲ ನೋಡುತ್ತಾ ಕೂತ. ಕಾದೆವು. ‘ಮಳೆ ಬಂದರೆ ನಾನು ತಂಗಿ… ಕಿವಿ…’ ಎಂದು ಹೇಳಿ ಎರಡೂ ಅಂಗೈಯಿಂದ ಪಕ್ಕದವನ ಕಿವಿ ಮುಚ್ಚಿ ತೋರಿಸಿದ. ‘ತಂಗಿಯ ಕಿವಿ ಮುಚ್ಚುತ್ತೀಯಾ?’ ಎಂದೆ. ‘ಮುಚ್ಚುತ್ತೀನಿ. ಶೀಟು ಸದ್ದು’ ಎಂದ. ಶೀಟಿನ ಮಾಡಿನ ಮೇಲೆ ಕೊಡಗಿನ ಮಳೆ ಹೊಡೆಯುವ ಸದ್ದು ಕೇಳಿದವರಿಗೆ ಆ ವಾಕ್ಯದ ಬೆಲೆ ಗೊತ್ತು. ಅವಸರದಲ್ಲಿ ನಾನು ‘ಕೊಡೆ ಹಿಡೀತೀಯಾ?’ ಎಂದು ಎತ್ತಿ ಕೊಟ್ಟಿದ್ದರೆ ಅವನು ತಲೆಯಾಡಿಸಿ ಕೂರುತ್ತಿದ್ದ.

2018ರ ಆಗಸ್ಟಿನ ಭೂಕುಸಿತದ ನಂತರದ ವರ್ಷಗಳಲ್ಲಿ ಇದೇ ಆರಂಭಕ್ಕೆ ‘ಗುಡ್ಡ ಬೀಳುತ್ತೆ’ ಎಂಬ ಕೊನೆ ಬರುತ್ತಿತ್ತು. ‘ನಾನು’ ಇದ್ದ ವಾಕ್ಯಕ್ಕೆ ಅದು ವ್ಯಾಕರಣದಲ್ಲಿ ಹೊಂದುವುದಿಲ್ಲ. ಆ ಹೊತ್ತಿನಲ್ಲಿ ಹೊಂದಿಸಲು ಹೋಗಬಾರದು. ‘ಆಗ ನಿನಗೆ ಏನನಿಸುತ್ತೆ?’ ಎಂದು ಕೇಳಿ, ಮಗು ಹೇಳುವಷ್ಟನ್ನು ಕೇಳಿಸಿಕೊಳ್ಳಬೇಕು.

‘ಪೂರ್ತಿ ವಾಕ್ಯದಲ್ಲಿ ಹೇಳು’ ಎಂಬ ಆಜ್ಞೆಯ ಬಗ್ಗೆಯೂ ಒಂದು ಮಾತು. ನಿನ್ನ ಹೆಸರೇನು ಅಂದರೆ ಹೆಸರಷ್ಟೇ ಹೇಳುವುದು ಲೋಕರೂಢಿ, ದೊಡ್ಡವರೂ ಹಾಗೇ ಹೇಳುತ್ತಾರೆ. ಒಂದು ಪದ ಸಾಕಾಗುವ ಪ್ರಶ್ನೆ ಕೇಳಿ ವಾಕ್ಯ ಬೇಕು ಎಂದು ಹಟ ಹಿಡಿದರೆ ಮಗು ಮಾತನ್ನೇ ಬಿಡುತ್ತದೆ. ವಾಕ್ಯ ಬೇಕಾದರೆ ವಾಕ್ಯ ಬೇಡುವ ಪ್ರಶ್ನೆ ಕೇಳಬೇಕು. ‘ಹುತ್ತರಿ ಹಬ್ಬದ ದಿನ ಏನೇನ್ ಮಾಡಿದ್ರಿ?’, ‘ನಿನ್ನೆ ಯಾಕ್ ಬರ್ಲಿಲ್ಲ?’, ‘ಹಾವು ಕಂಡ್ರೆ ಏನ್ ಮಾಡ್ತೀಯ?’

ಮನೆಯಲ್ಲಿ ಏನು ಮಾಡಬೇಕು ಎಂದು ತಾಯಂದಿರು ಕೇಳುತ್ತಾರೆ. ‘ನಮಗೆ ಓದಕ್ ಬರಲ್ಲ ಟೀಚರ್’ ಎಂದು ಜೊತೆಗೇ ಸೇರಿಸುತ್ತಾರೆ. ಓದು ಬೇಕಿಲ್ಲ, ಕನ್ನಡವೂ ಬೇಕಿಲ್ಲ. ತಮ್ಮ ಭಾಷೆಯಲ್ಲೇ ಕತೆ ಹೇಳುತ್ತಾ ಕೊನೆಯ ಪದಕ್ಕೆ ಮೊದಲು ನಿಲ್ಲಿಸಿದರೆ ಸಾಕು. ‘ನರಿ ಮೆಲ್ಲಗೆ ಬಂದು ಕೋಳಿಯನ್ನು…’ ಎಂದು ಸುಮ್ಮನಾದರೆ ಮಗು ನಿದ್ದೆಗಣ್ಣಿನಲ್ಲೂ ಮುಗಿಸುತ್ತದೆ. ಅಡುಗೆ ಮಾಡುವಾಗ, ಕಣದಲ್ಲಿ ಕಾಫಿ ಕೆದಕುವಾಗ, ಬಸ್ಸಿಗೆ ಕಾಯುವಾಗ ಎಲ್ಲಿ ಬೇಕಾದರೂ ಇದನ್ನು ಮಾಡಬಹುದು. ಒಂದು ಭಾಷೆಯಲ್ಲಿ ಮಾತು ಮುಗಿಸಲು ಕಲಿತ ಮಗುವಿಗೆ ಇನ್ನೊಂದರಲ್ಲಿ ಪದಗಳನ್ನೂ ಬಾಲವನ್ನೂ ಕೊಟ್ಟರೆ ಸಾಕಾಗುತ್ತದೆ.

ಹಾಗೆಂದು ಎಲ್ಲವನ್ನೂ ‘ಆಮೇಲೆ ಬರುತ್ತೆ’ ಎಂದು ಬಿಡಬಾರದು. ಎರಡು ವರ್ಷದ ಹೊತ್ತಿಗೆ ಎರಡು ಪದವನ್ನಾದರೂ ಕೂಡಿಸಿ ಹೇಳದ ಮಗುವನ್ನು, ನಾಲ್ಕು ದಾಟಿದರೂ ಮನೆಮಾತಿನಲ್ಲೇ ವಾಕ್ಯ ಬಾರದ ಮಗುವನ್ನು ವೈದ್ಯರಿಗೆ ತೋರಿಸಬೇಕು, ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು. ಕಿವಿ ಸೋರುವ ಮಕ್ಕಳು ನಮ್ಮ ಥಂಡಿ ಊರಿನಲ್ಲಿ ಇದ್ದೇ ಇರುತ್ತಾರೆ. ಸರಿಯಾಗಿ ಕೇಳಿಸದ ಮಗುವಿಗೆ ವಾಕ್ಯದ ಬಾಲ ಎಲ್ಲಿಂದ ಬರಬೇಕು? ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಮ್ಮ ಕಡೆಯಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ತಲುಪಬಹುದಾದ ದೂರ. ಇದನ್ನು ಅಂಗನವಾಡಿಯಲ್ಲೇ ತಾಯಂದಿರಿಗೆ ಹೇಳಿಬಿಡಬೇಕು, ಒಂದನೇ ತರಗತಿಯವರೆಗೆ ಕಾಯುವುದು ತಡವಾಯಿತು.

ಬರವಣಿಗೆಗೆ ಬಂದಾಗ ಮಕ್ಕಳು ಹೇಳಿದ ವಾಕ್ಯವನ್ನೇ ನಾನು ಬರೆಯುತ್ತೇನೆ, ಅವರ ಎದುರಿಗೇ, ಅವರು ಹೇಳಿದ ಕ್ರಮದಲ್ಲೇ. ಆಮೇಲೆ ಬೆರಳಿಟ್ಟು ಓದಿ ತೋರಿಸುತ್ತೇನೆ. ಪದ ಬಿಟ್ಟುಹೋಗಿದ್ದರೆ ಮಗುವೇ ತಡೆದು ಸೇರಿಸುತ್ತದೆ. ಈ ವಾಕ್ಯಗಳೆಲ್ಲ ಒಂದೊಂದು ಮಗುವಿನ ಹೆಸರಿನ ಸಣ್ಣ ಪುಸ್ತಕದಲ್ಲಿ ಸೇರುತ್ತವೆ. ಕಾಫಿ ಕುಯ್ಲು ಮುಗಿದ ಮೇಲೆ ಕೆಲವು ಕುಟುಂಬಗಳು ಬೇರೆ ತೋಟಕ್ಕೋ ಊರಿಗೋ ಹೊರಡುತ್ತವೆ. ಟಿ.ಸಿ. ತೆಗೆದುಕೊಳ್ಳದೆಯೇ ಹೋಗುವವರೂ ಇದ್ದಾರೆ. ಹಾಗಾಗಿ ಪುಸ್ತಕವನ್ನು ಫೆಬ್ರವರಿಯಲ್ಲೇ ಮಗುವಿನ ಚೀಲಕ್ಕೆ ಹಾಕಿಬಿಡುತ್ತೇನೆ. ಯಾವ ವಾಕ್ಯವನ್ನು ತಾನೇ ಮುಗಿಸಿತು, ಯಾವುದಕ್ಕೆ ಆಸರೆ ಬೇಕಾಯಿತು ಎಂದು ಅಂಚಿನಲ್ಲಿ ಗುರುತಿರುತ್ತದೆ. ಮೊದಲ ಪುಟದಲ್ಲಿ ಮುಂದಿನ ಶಾಲೆಯ ಟೀಚರ್‌ಗೆ ಮಗುವಿನ ಮನೆಮಾತು ಯಾವುದೆಂದು ಬರೆದು, ‘ಯೋಚಿಸಿ ಹೇಳುತ್ತದೆ, ದಯವಿಟ್ಟು ಸ್ವಲ್ಪ ಕಾಯಿರಿ’ ಎಂದು ಸೇರಿಸಿರುತ್ತೇನೆ.